ಬೇಟೆಯ ಬೆಲೆ: ಏರಿದ್ದು ಏಕೆ, ನ್ಯಾಯವಾದದ್ದು ಯಾವುದು?

ನಮ್ಮ ಹೊನ್ನಾಳಿ ಸಂತೆಯಲ್ಲಿ ಹೋತ ಕೊಳ್ಳುವವರು ಮೊದಲು ಹಲ್ಲು ನೋಡುತ್ತಾರೆ. ಆಮೇಲೆ ಬೆನ್ನು ಸವರಿ ತೂಕ ಅಂದಾಜು ಮಾಡುತ್ತಾರೆ. ಕೊನೆಗೆ ಚೌಕಾಸಿ. ವ್ಯಾಪಾರ ಮುಗಿದಾಗ ಆ ಬೆಲೆ ಹೇಗೆ ಬಂತು ಎಂಬುದು ಇಬ್ಬರಿಗೂ ಗೊತ್ತಿರುತ್ತದೆ.

ಆದರೆ 2019ರ ಆರಂಭದಲ್ಲಿ ಪಾಕಿಸ್ತಾನದ ಆಡಳಿತದಲ್ಲಿರುವ ಗಿಲ್ಗಿಟ್ ಭಾಗದಲ್ಲಿ ಒಂದೇ ಒಂದು ಕಾಡುಮೇಕೆಯನ್ನು ಹೊಡೆಯಲು ಅಮೆರಿಕದ ಒಬ್ಬ ಬೇಟೆಗಾರ ಕೊಟ್ಟ ಪರವಾನಗಿ ಶುಲ್ಕ 1,10,000 ಡಾಲರ್. ಅಂದಿನ ಲೆಕ್ಕದಲ್ಲಿ 75 ಲಕ್ಷ ರೂಪಾಯಿಗೂ ಹೆಚ್ಚು. 2024ರಲ್ಲಿ ಚಿತ್ರಾಲ್ ಕಡೆಯ ಒಂದು ಪರವಾನಗಿ ಹರಾಜಿನಲ್ಲಿ 2,71,000 ಡಾಲರ್‌ಗೆ ಹೋಯಿತು, ಅಂದರೆ 2 ಕೋಟಿ ರೂಪಾಯಿ ದಾಟಿತು. ಇದು ಪ್ರಾಣಿಯ ಮಾಂಸದ ಬೆಲೆ ಅಲ್ಲ. ಹಾಗಾದರೆ ಯಾವುದರ ಬೆಲೆ? ಅದು ಏಕೆ ಏರುತ್ತಿದೆ? ಅದರಲ್ಲಿ ನ್ಯಾಯ ಎಷ್ಟು? ನಾವು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಕಲಿಯುವ ಬೇಡಿಕೆ, ಪೂರೈಕೆ, ವೆಚ್ಚ ಎಂಬ ಪಾಠಗಳನ್ನು ಈ ವಿಚಿತ್ರ ಮಾರುಕಟ್ಟೆಗೆ ಹಚ್ಚಿ ನೋಡಿದ್ದೇನೆ. ಲೆಕ್ಕ ಸುಲಭವಾಗಿದೆ, ಹೆದರಬೇಡಿ.

ಮೊದಲು ಎರಡು ಪದಗಳು

ಆ ಕಾಡುಮೇಕೆಯ ಹೆಸರು ಮಾರ್ಖೋರ್. ತಿರುಚಿದ ಉದ್ದ ಕೊಂಬಿನ ಪ್ರಾಣಿ. ನಮ್ಮ ಮನೆಮಾತು ಉರ್ದುವಾದ್ದರಿಂದ ಹೆಸರು ಕೇಳಿದ ಕೂಡಲೇ ಅರ್ಥ ಹೊಳೆಯಿತು. ಫಾರ್ಸಿಯಲ್ಲಿ 'ಮಾರ್' ಎಂದರೆ ಹಾವು, 'ಖೋರ್' ಎಂದರೆ ತಿನ್ನುವವ. ಕನ್ನಡದ 'ಲಂಚಕೋರ' ಪದದಲ್ಲಿ ಇರುವುದೂ ಇದೇ 'ಖೋರ್'. ನಿಜದಲ್ಲಿ ಈ ಮೇಕೆ ಹುಲ್ಲು ಸೊಪ್ಪು ತಿನ್ನುತ್ತದೆ, ಹಾವನ್ನಲ್ಲ.

ಇನ್ನೊಂದು ಪದ 'ಶಿಕಾರಿ'. ಇದೂ ಫಾರ್ಸಿಯಿಂದ ಬಂದದ್ದೇ. ನಮ್ಮ ನೆರೆಯ ತಾಲ್ಲೂಕು ಶಿಕಾರಿಪುರದ ಹೆಸರಿನಲ್ಲೇ ಅದು ಕೂತಿದೆ. ಹೈದರ್ ಅಲಿ, ಟಿಪ್ಪು ಸುಲ್ತಾನರ ಕಾಲದಲ್ಲಿ ಆ ಹೆಸರು ಬಂತು ಎಂದು ಹೇಳುವುದುಂಟು.

ಹೊಟ್ಟೆಗಾಗಿ ಮಾಡುವ ಬೇಟೆ ಬೇರೆ, ಟ್ರೋಫಿ ಬೇಟೆ ಬೇರೆ. ಕೊಂಬು, ತಲೆ, ಚರ್ಮವನ್ನು ಗೋಡೆಗೆ ಹಾಕಿಕೊಳ್ಳಲು ದುಡ್ಡು ಕೊಟ್ಟು, ಮಾರ್ಗದರ್ಶಕನ ಜೊತೆಗೆ ಹೋಗಿ ಹೊಡೆಯುವುದು ಟ್ರೋಫಿ ಬೇಟೆ. ಇದನ್ನು ಮಾರುವ ಕಂಪನಿಗಳು ಆಫ್ರಿಕಾ, ಮಧ್ಯ ಏಷ್ಯಾ, ಅಮೆರಿಕಗಳಲ್ಲಿ ಇವೆ. ಗಿರಾಕಿ ಕೊಳ್ಳುವುದು ಒಂದು ಪ್ರವಾಸವನ್ನು: ಊಟ, ವಸತಿ, ಜೀಪು, ಜಾಡು ಹಿಡಿಯುವವರು, ಮತ್ತು ಕೊನೆಗೆ ಒಂದು ಪ್ರಾಣಿ.

ಇದು ನಮ್ಮಲ್ಲೂ ಇತ್ತು

ಇದೆಲ್ಲ ದೂರದ ದೇಶದ ಮಾತು ಎಂದುಕೊಳ್ಳಬೇಡಿ. ಮೈಸೂರು ಸಂಸ್ಥಾನದ ಕಾಲದಲ್ಲಿ ಕಬಿನಿ ದಂಡೆಯ ಕಾಡುಗಳು ಮಹಾರಾಜರ ಮತ್ತು ಅವರ ಅತಿಥಿಗಳ ಬೇಟೆಯ ಜಾಗವಾಗಿದ್ದವು. ಹೊಡೆದ ಪ್ರಾಣಿಗಳನ್ನು ಜೀವಂತದಂತೆ ನಿಲ್ಲಿಸಿ ಕೊಡುವ ವ್ಯಾನ್ ಇಂಗೆನ್ ಎಂಬ ಸಂಸ್ಥೆ ಮೈಸೂರಿನಲ್ಲೇ ಇತ್ತು. 1900ರಲ್ಲಿ ಶುರುವಾಗಿ 1999ರವರೆಗೆ ನಡೆಯಿತು. ಅವರ ಕೈಯಲ್ಲಿ ತಯಾರಾದ ಹುಲಿ, ಚಿರತೆಗಳು ಜಗತ್ತಿನ ನಾನಾ ಅರಮನೆ, ಬಂಗಲೆಗಳನ್ನು ಸೇರಿದವು. ಸ್ವಾತಂತ್ರ್ಯದ ನಂತರವೂ ದೇಶದಲ್ಲಿ ಶಿಕಾರಿ ಕಂಪನಿಗಳು ವಿದೇಶಿ ಗಿರಾಕಿಗಳನ್ನು ಕರೆತಂದು ಹುಲಿ ಬೇಟೆ ಮಾಡಿಸುತ್ತಿದ್ದವು.

1970ರಲ್ಲಿ ಹುಲಿ ಬೇಟೆ ನಿಷೇಧವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದೇ ವರ್ಷದ ಎಣಿಕೆಯಲ್ಲಿ ದೇಶದಲ್ಲಿ ಸಿಕ್ಕ ಹುಲಿಗಳು 1,827. ಮರುವರ್ಷ, 1973ರಲ್ಲಿ, ಹುಲಿ ಯೋಜನೆ ಆರಂಭವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. 1972ರ ಕಾಯ್ದೆಯಲ್ಲಿ ಕೆಲವು ಪ್ರಾಣಿಗಳಿಗೆ ಬೇಟೆಯ ಪರವಾನಗಿ ಕೊಡಲು ಇನ್ನೂ ಅವಕಾಶವಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಮನುಷ್ಯರ ಜೀವಕ್ಕೆ ಅಪಾಯ ಮುಂತಾದ ವಿಶೇಷ ಸಂದರ್ಭಗಳಲ್ಲಿ ಅಧಿಕಾರಿಗಳು ಆದೇಶ ಕೊಡಬಹುದೇ ಹೊರತು ಮೋಜಿಗಾಗಿ ಹೊಡೆಯುವ ಹಕ್ಕನ್ನು ಯಾರೂ ಮಾರುವಂತಿಲ್ಲ. 2023ರಲ್ಲಿ ಹುಲಿ ಉಗುರಿನ ಲಾಕೆಟ್ ವಿಚಾರ ರಾಜ್ಯದಲ್ಲಿ ದೊಡ್ಡ ಸುದ್ದಿಯಾದದ್ದು ನಿಮಗೆ ನೆನಪಿರಬಹುದು. ಟ್ರೋಫಿ ಇಟ್ಟುಕೊಳ್ಳುವುದಕ್ಕೂ ಕಾನೂನು ಇದೆ ಎಂದು ನಮ್ಮಲ್ಲಿ ಅನೇಕರಿಗೆ ಗೊತ್ತಾದದ್ದೇ ಆಗ.

ಅಂದರೆ ಭಾರತ ಈ ಸರಕನ್ನು ಮಾರುಕಟ್ಟೆಯಿಂದಲೇ ತೆಗೆದುಹಾಕಿದೆ. ಬೇರೆ ದೇಶಗಳು ಮಾರುತ್ತಿವೆ. ಅಲ್ಲಿ ಬೆಲೆ ಹೇಗೆ ಹುಟ್ಟುತ್ತದೆ ಎಂದು ಈಗ ನೋಡೋಣ.

ಬೆಲೆಯ ಒಳಗೆ ಏನೇನಿದೆ?

ಲೆಕ್ಕದ ಸುಲಭಕ್ಕಾಗಿ ಒಂದು ಕಾಲ್ಪನಿಕ ಬೇಟೆ ಕಂಪನಿ ಇಟ್ಟುಕೊಳ್ಳೋಣ. ಈ ಅಂಕಿಗಳು ನನ್ನ ಊಹೆ, ಯಾವ ಕಂಪನಿಯದ್ದೂ ಅಲ್ಲ.

ವರ್ಷದ ಸ್ಥಿರ ವೆಚ್ಚ (ಕಾಡಿನ ಗುತ್ತಿಗೆ, ಜೀಪು, ಶಿಬಿರ, ಕಾಯಂ ನೌಕರರ ಸಂಬಳ): 40 ಲಕ್ಷ ರೂಪಾಯಿ.
ಒಬ್ಬ ಗಿರಾಕಿಗೆ ಬದಲಾಗುವ ವೆಚ್ಚ (ಊಟ, ಡೀಸೆಲ್, ಜಾಡು ಹಿಡಿಯುವವರ ದಿನಗೂಲಿ): 1.5 ಲಕ್ಷ.
ಒಂದು ಪ್ರಾಣಿಗೆ ಸರ್ಕಾರದ ಪರವಾನಗಿ ಶುಲ್ಕ: 2 ಲಕ್ಷ.

ವರ್ಷಕ್ಕೆ 20 ಪರವಾನಗಿ ಸಿಕ್ಕರೆ ಒಬ್ಬ ಗಿರಾಕಿಯ ಪಾಲಿನ ಸ್ಥಿರ ವೆಚ್ಚ 2 ಲಕ್ಷ. ಒಟ್ಟು ವೆಚ್ಚ 2 + 1.5 + 2 = 5.5 ಲಕ್ಷ. ಶೇ. 10 ಲಾಭ ಸೇರಿಸಿದರೆ ಬೆಲೆ 6.05 ಲಕ್ಷ.

ಈಗ ಪ್ರಾಣಿಗಳ ಸಂಖ್ಯೆ ಕಡಿಮೆಯಾಯಿತೆಂದು ಸರ್ಕಾರ ಪರವಾನಗಿಗಳನ್ನು 10ಕ್ಕೆ ಇಳಿಸಿತು ಎನ್ನೋಣ. ಜೀಪು ಅಷ್ಟೇ, ಗುತ್ತಿಗೆ ಅಷ್ಟೇ, ಸಂಬಳ ಅಷ್ಟೇ. ಆದರೆ ಒಬ್ಬ ಗಿರಾಕಿಯ ಪಾಲು 4 ಲಕ್ಷವಾಯಿತು. ಒಟ್ಟು ವೆಚ್ಚ 7.5 ಲಕ್ಷ, ಲಾಭ ಸೇರಿ 8.25 ಲಕ್ಷ. ಶೇ. 36ರಷ್ಟು ಏರಿಕೆ. ಕಂಪನಿಯವನು ಲಾಭದ ಪ್ರಮಾಣವನ್ನು ಒಂದಿಷ್ಟೂ ಹೆಚ್ಚಿಸಿಲ್ಲ. ಹಾಗಾಗಿ ಬೆಲೆ ಏರಿದ ಕೂಡಲೇ 'ಸುಲಿಗೆ' ಎನ್ನುವುದು ಲೆಕ್ಕ ನೋಡದೆ ತೀರ್ಪು ಕೊಟ್ಟಂತೆ.

ನಿಜ ಜಗತ್ತಿನಲ್ಲಿ ಇದರ ಮೇಲೆ ಇನ್ನೂ ಕೆಲವು ಹೊರೆ ಬೀಳುತ್ತವೆ. ಇಂಧನ, ವಿಮೆ, ಡಾಲರ್ ಬೆಲೆ ಇವು ಎಲ್ಲ ಪ್ರವಾಸಕ್ಕೂ ಇರುವಂಥವು. ಬೇಟೆಗೆ ಮಾತ್ರ ಇರುವ ಹೊರೆ ಎಂದರೆ ಟ್ರೋಫಿ ಸಾಗಣೆ. 2015ರ ಜುಲೈನಲ್ಲಿ ಜಿಂಬಾಬ್ವೆಯ ಹ್ವಾಂಗೆ ಉದ್ಯಾನದ ಹೆಸರಾಂತ ಸಿಂಹ ಸೆಸಿಲ್ ಬೇಟೆಗೆ ಬಲಿಯಾಯಿತು. ಅದನ್ನು ಹೊಡೆದ ಅಮೆರಿಕದ ದಂತವೈದ್ಯ ಸುಮಾರು 50,000 ಡಾಲರ್ ಕೊಟ್ಟಿದ್ದನೆಂದು ವರದಿಯಾಗಿತ್ತು. ಜಗತ್ತೆಲ್ಲ ಕೋಪಗೊಂಡಿತು. ಮರುತಿಂಗಳೇ ಅಮೆರಿಕದ ದೊಡ್ಡ ವಿಮಾನ ಕಂಪನಿಗಳು ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡುಕೋಣಗಳ ಟ್ರೋಫಿ ಸಾಗಿಸುವುದಿಲ್ಲ ಎಂದವು. ದಾರಿಗಳು ಕಡಿಮೆಯಾದರೆ ಉಳಿದ ದಾರಿ ದುಬಾರಿಯಾಗುತ್ತದೆ.

ಗಿರಾಕಿಗೆ ಹೇಳುವ ಬೆಲೆ, ಕೊನೆಗೆ ಕೊಡುವ ಬೆಲೆ ಬೇರೆ ಬೇರೆಯಾಗುವುದೂ ಇಲ್ಲಿಯೇ. ದಿನದ ಬಾಡಿಗೆ ಒಂದು, ಪ್ರಾಣಿಯ ಶುಲ್ಕ ಇನ್ನೊಂದು, ಚರ್ಮ ಹದ ಮಾಡುವುದು, ಸಾಗಣೆ, ಕೆಲಸದವರಿಗೆ ಇನಾಮು ಮತ್ತೊಂದು. ಹಲವು ಕಡೆ ಗುಂಡು ತಗುಲಿ ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಗೂ ಪೂರ್ತಿ ಶುಲ್ಕ ಕಟ್ಟಬೇಕು. ಈ ಕೊನೆಯ ನಿಯಮ ನನಗೆ ಸರಿ ಎನಿಸಿತು. ಗಿರಾಕಿಯ ಗೋಡೆಗೆ ಬಾರದಿದ್ದರೂ ಕಾಡಿನ ಲೆಕ್ಕದಲ್ಲಿ ಒಂದು ಪ್ರಾಣಿ ಹೋದಂತೆಯೇ.

ವೆಚ್ಚ ಮುಗಿದ ಮೇಲೆ ಶುರುವಾಗುವ ಬೆಲೆ

ಮಾರ್ಖೋರ್ ಪರವಾನಗಿಗೆ 2 ಕೋಟಿ ಬೀಳುವುದು ಜೀಪು, ಡೀಸೆಲ್‌ನಿಂದ ಅಲ್ಲ. ಇಲ್ಲಿ ಪೂರೈಕೆಯ ಪಾಠ ಬೇಕು. ಅಳಿವಿನ ಅಂಚಿನ ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ 1997ರಲ್ಲಿ ಪಾಕಿಸ್ತಾನಕ್ಕೆ ವರ್ಷಕ್ಕೆ 6 ಮಾರ್ಖೋರ್ ಟ್ರೋಫಿಗಳಿಗೆ ಅನುಮತಿ ಕೊಟ್ಟಿತು. 2002ರಲ್ಲಿ ಅದನ್ನು 12 ಮಾಡಿತು. ಬೆಲೆ ಎಷ್ಟೇ ಏರಲಿ, ಹದಿಮೂರನೆಯದು ಮಾರುಕಟ್ಟೆಗೆ ಬರುವಂತಿಲ್ಲ. ಪುಸ್ತಕದಲ್ಲಿ ನಾವು ಬರೆಯುವ ಪೂರೈಕೆ ರೇಖೆ ಇಲ್ಲಿ ನೆಟ್ಟಗೆ ನಿಂತ ಗೋಡೆ.

ಬೇಡಿಕೆ ಕಡೆ ಇರುವವರು ಕೆಲವೇ ಕೋಟ್ಯಧಿಪತಿಗಳು. ಬೆಲೆ ಶೇ. 20 ಏರಿದರೆ ಅವರು ಹಿಂದೆ ಸರಿಯುವುದು ಅಪರೂಪ. ಅಂದರೆ ಬೇಡಿಕೆ ಅಸ್ಥಿತಿಸ್ಥಾಪಕ. ಎದುರಿಗೆ ಗೋಡೆ, ಹಿಂದೆ ದುಡ್ಡಿರುವವರ ಸಾಲು. ಹರಾಜು ಕೂಗಿದರೆ ಬೆಲೆ ಮೇಲಕ್ಕೇ ಹೋಗುತ್ತದೆ.

ನಮ್ಮ ಕಾಲ್ಪನಿಕ ಕಂಪನಿಗೆ ಮತ್ತೆ ಬನ್ನಿ. ವೆಚ್ಚ 7.5 ಲಕ್ಷ, ನ್ಯಾಯವಾದ ಲಾಭ ಸೇರಿ 8.25 ಲಕ್ಷ. ಆದರೆ ಗಿರಾಕಿಗಳು 12 ಲಕ್ಷ ಕೊಡಲು ತಯಾರಿದ್ದಾರೆ. ನಡುವಿನ 3.75 ಲಕ್ಷ ಯಾರ ಶ್ರಮದಿಂದಲೂ ಬಂದದ್ದಲ್ಲ. ಪ್ರಾಣಿ ಅಪರೂಪವಾದ್ದರಿಂದ ಬಂದದ್ದು. ಅರ್ಥಶಾಸ್ತ್ರದಲ್ಲಿ ಇದಕ್ಕೆ ಗೇಣಿ ಎನ್ನುತ್ತಾರೆ. 10 ಪರವಾನಗಿಗೆ ಇದು 37.5 ಲಕ್ಷ ರೂಪಾಯಿ. ನ್ಯಾಯವಾದ ಬೆಲೆಯ ಪ್ರಶ್ನೆ ನಿಂತಿರುವುದು 12 ಲಕ್ಷ ಜಾಸ್ತಿಯೋ ಕಡಿಮೆಯೋ ಎಂಬುದರ ಮೇಲಲ್ಲ. ಈ 37.5 ಲಕ್ಷ ಯಾರ ಜೇಬಿಗೆ ಹೋಯಿತು ಎಂಬುದರ ಮೇಲೆ. ಇಷ್ಟು ಬರೆಯಲು ಹೊರಟಾಗ ನನಗೆ ಹೊಳೆದ ಮುಖ್ಯ ವಿಷಯ ಇದೇ.

ಪಾಲು ಯಾರಿಗೆ?

ಪ್ರಾಣಿ ಅಪರೂಪವಾಗಿಯೂ ಬದುಕಿ ಉಳಿದಿದೆ ಎಂದರೆ ಅದರ ಪಕ್ಕದಲ್ಲಿ ಬದುಕುವವರು ಅದನ್ನು ಸಹಿಸಿಕೊಂಡಿದ್ದಾರೆ ಎಂದು ಅರ್ಥ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನ್ಯಾಮತಿ ಕಡೆಯ ಹಳ್ಳಿಯಲ್ಲಿರುವ ನನ್ನ ಮಾಮು ಮೂರು ಎಕರೆಯಲ್ಲಿ ಮೆಕ್ಕೆಜೋಳ ಹಾಕುತ್ತಾರೆ. ತೆನೆ ಹಾಲುಗಟ್ಟಿದ ಮೇಲೆ ಕೊಯ್ಲಿನವರೆಗೆ ಸುಮಾರು 40 ರಾತ್ರಿ ಕಾಡುಹಂದಿ ಕಾಯಬೇಕು. ಹೊಲದಲ್ಲಿ ಅಟ್ಟಣಿಗೆ ಕಟ್ಟಿ, ಟಾರ್ಚ್ ಹಿಡಿದು, ಡಬ್ಬ ಬಡಿಯುತ್ತಾ ಕೂರುತ್ತಾರೆ. ರಾತ್ರಿಗೆ 300 ರೂಪಾಯಿ ಕೂಲಿ ಎಂದು ಹಿಡಿದರೂ 12,000 ರೂಪಾಯಿ. ಅವರ ಖರ್ಚಿನ ಪುಸ್ತಕದಲ್ಲಿ ಬೀಜ, ಗೊಬ್ಬರ, ಉಳುಮೆ ಎಲ್ಲ ಇದೆ. ಈ 12,000 ಮಾತ್ರ ಇಲ್ಲ. ಕಾಡುಪ್ರಾಣಿಯಿಂದ ಆದ ಬೆಳೆಹಾನಿಗೆ ಸರ್ಕಾರದ ಪರಿಹಾರ ಉಂಟು. ಅದು ಹಾಳಾದ ಬೆಳೆಗೆ, ಕಾದ ರಾತ್ರಿಗೆ ಅಲ್ಲ.

ವಿದೇಶದಲ್ಲಿ ಜನ ಲಕ್ಷಗಟ್ಟಲೆ ಕೊಟ್ಟು ಅಟ್ಟಣಿಗೆ ಹತ್ತುತ್ತಾರೆ ಎಂದು ಮಾಮುವಿಗೆ ಹೇಳಿದೆ. "ಹತ್ತೋಕೆ ದುಡ್ಡು ಕೊಡ್ತಾರಾ? ನಾನು ಇಳಿಯೋಕೆ ಕೊಡ್ತೀನಿ, ಯಾರಾದರೂ ನನ್ನ ಜಾಗದಲ್ಲಿ ಕೂರಲಿ" ಎಂದು ನಕ್ಕರು.

ಮಾಮು ಒಬ್ಬರದ್ದೇ ಕಥೆ ಅಲ್ಲ. ತುಂಗಭದ್ರೆಯ ಆಚೆ ದಡದ ರಾಣೆಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗಗಳ ಅಭಯಾರಣ್ಯ ಇದೆ. ನಮ್ಮ ಜಿಲ್ಲೆಯ ಜಗಳೂರಿನ ರಂಗಯ್ಯನದುರ್ಗದಲ್ಲಿ ನಾಲ್ಕು ಕೊಂಬಿನ ಅಪರೂಪದ ಕೊಂಡುಕುರಿಗಾಗಿ 2011ರಲ್ಲಿ ಅಭಯಾರಣ್ಯ ಮಾಡಿದ್ದಾರೆ. ಇವು ನಮ್ಮ ಹೆಮ್ಮೆ. ಆದರೆ ಜಿಂಕೆಗೆ ಗಡಿಕಲ್ಲು ಗೊತ್ತಿಲ್ಲ. ಕಾಡಿನ ಲಾಭ ಇಡೀ ದೇಶಕ್ಕೆ, ಮೇವು ಮಾತ್ರ ಪಕ್ಕದ ಹೊಲದ್ದು. ನಮ್ಮ ಪಠ್ಯದಲ್ಲಿ ಬರುವ 'ಬಾಹ್ಯ ಪರಿಣಾಮ' ಎಂದರೆ ಇದೇ: ವ್ಯವಹಾರದಲ್ಲಿ ಇಲ್ಲದವರ ಮೇಲೆ ಬೀಳುವ ವೆಚ್ಚ.

ಮಾರ್ಖೋರ್ ವ್ಯವಸ್ಥೆಯಲ್ಲಿ ಮೆಚ್ಚಬೇಕಾದದ್ದು ಇದಕ್ಕೆ ಕೊಟ್ಟ ಉತ್ತರ. ಪರವಾನಗಿ ಹಣದ ಶೇ. 80 ಅಲ್ಲಿನ ಹಳ್ಳಿಗಳ ಸಮುದಾಯಕ್ಕೆ, ಶೇ. 20 ಸರ್ಕಾರಕ್ಕೆ. 2,71,000 ಡಾಲರ್‌ನಲ್ಲಿ 2,16,800 ಊರಿನ ಪಾಲು. ಒಂದು ಮೇಕೆ ಇಷ್ಟು ತರುವುದಾದರೆ ಉಳಿದವನ್ನು ಕಳ್ಳಬೇಟೆಯಿಂದ ಕಾಯಲು ಊರೇ ನಿಲ್ಲುತ್ತದೆ. 2015ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಮಾರ್ಖೋರ್ 'ಅಪಾಯದಲ್ಲಿರುವ' ವರ್ಗದಿಂದ 'ಅಪಾಯದ ಸಮೀಪ' ಎಂಬ ಹಗುರ ವರ್ಗಕ್ಕೆ ಬಂತು.

ಆದರೆ ಹೆಚ್ಚಿನ ಬೆಲೆಯೇ ನ್ಯಾಯವಲ್ಲ. 2014ರ ಜನವರಿಯಲ್ಲಿ ನಮೀಬಿಯಾದ ಒಂದು ಕಪ್ಪು ಖಡ್ಗಮೃಗದ ಪರವಾನಗಿ ಅಮೆರಿಕದ ಡಲ್ಲಾಸ್‌ನಲ್ಲಿ 3,50,000 ಡಾಲರ್‌ಗೆ ಹರಾಜಾಯಿತು. ವಯಸ್ಸಾದ ಗಂಡು, ಅದರ ಹಣ ಸಂರಕ್ಷಣೆಗೇ ಎಂದು ಒಂದು ಪಕ್ಷ ಹೇಳಿತು. ಇಷ್ಟು ಕಡಿಮೆ ಉಳಿದಿರುವ ಪ್ರಾಣಿಗೆ ಬೆಲೆ ಕಟ್ಟುವುದೇ ತಪ್ಪು ಎಂದು ಇನ್ನೊಂದು ಪಕ್ಷ ಹೇಳಿತು. ಕಡಿಮೆ ಬೆಲೆಯೂ ನ್ಯಾಯವಲ್ಲ. ದಕ್ಷಿಣ ಆಫ್ರಿಕಾದಲ್ಲಿ ಬೇಲಿಯೊಳಗೆ ಸಾಕಿದ ಸಿಂಹವನ್ನು ಹೊಡೆಯುವುದು ಕಾಡಿನ ಸಿಂಹದ ಬೇಟೆಗಿಂತ ಅಗ್ಗ. ಅಗ್ಗವಾಗಲು ಕಾರಣ, ಅಲ್ಲಿ ಕಾಡನ್ನು ಕಾಯುವ ಖರ್ಚೇ ಇಲ್ಲ.

ನ್ಯಾಯವಾದ ಬೆಲೆಗೆ ನಾಲ್ಕು ಪ್ರಶ್ನೆ

ಇವೆಲ್ಲವನ್ನೂ ಸೇರಿಸಿ ನಾನು ನಾಲ್ಕು ಪ್ರಶ್ನೆ ಮಾಡಿಕೊಂಡಿದ್ದೇನೆ.

1. ಎಲ್ಲ ಶುಲ್ಕವನ್ನೂ ಮೊದಲೇ ಬರೆದು ಹೇಳಿದ್ದಾರೆಯೇ? ಆಮೇಲೆ ಸೇರಿಸುವುದು ಬೆಲೆಯಲ್ಲ, ಬಲೆ.
2. ಬೆಲೆಯಲ್ಲಿ ವೆಚ್ಚ ಎಷ್ಟು, ಗೇಣಿ ಎಷ್ಟು ಎಂದು ಬಿಡಿಸಿ ತೋರಿಸಲು ಸಾಧ್ಯವೇ?
3. ಆ ಗೇಣಿಯಲ್ಲಿ ಪ್ರಾಣಿಯ ಪಕ್ಕದಲ್ಲಿ ಬದುಕುವವರಿಗೆ ನಿಗದಿಯಾದ ಪಾಲು ಇದೆಯೇ? ಅದು ಅವರ ಕೈ ಸೇರಿದ್ದನ್ನು ಯಾರಾದರೂ ಲೆಕ್ಕ ತಪಾಸಣೆ ಮಾಡುತ್ತಾರೆಯೇ?
4. ಎಷ್ಟು ಪ್ರಾಣಿ ಎಂದು ನಿರ್ಧರಿಸುವವರು ಮಾರುವವರಿಂದ ಬೇರೆಯೇ? ತಕ್ಕಡಿ ಹಿಡಿದವನೇ ತೂಕದ ಕಲ್ಲನ್ನೂ ತಯಾರಿಸಬಾರದು.

ಮೋಜಿಗಾಗಿ ಕೊಲ್ಲಬಹುದೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಬೆಲೆಯ ಪಾಠದಲ್ಲಿ ಉತ್ತರ ಇಲ್ಲ. ನಾಲ್ಕಕ್ಕೂ 'ಹೌದು' ಎಂದು ಬಂದರೂ ಒಂದು ದೇಶ 'ನಾವು ಇದನ್ನು ಮಾರುವುದಿಲ್ಲ' ಎನ್ನಬಹುದು. ಭಾರತ ಹಾಗೆ ಹೇಳಿದೆ. 2022ರ ಗಣತಿಯ ಪ್ರಕಾರ ದೇಶದಲ್ಲಿ ಅಂದಾಜು 3,682 ಹುಲಿಗಳಿವೆ, ಕರ್ನಾಟಕದಲ್ಲಿ 563. ಎಣಿಸುವ ವಿಧಾನ ಬದಲಾಗಿರುವುದರಿಂದ 1972ರ ಅಂಕಿಯ ಪಕ್ಕ ಇದನ್ನು ನೇರವಾಗಿ ಇಡಲಾಗದು. ಆದರೂ ನಮ್ಮ ನಿರ್ಧಾರ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ.

ಮಾರುವುದಿಲ್ಲ ಎಂದರೂ ಬಿಲ್ ಬರುತ್ತದೆ

ಬೇಟೆ ನಿಂತರೂ ಕಾಡು ನೋಡುವ ಪ್ರವಾಸ ಬೆಳೆದಿದೆ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲಿ ಹುಟ್ಟಿತು. ಕಬಿನಿಯಲ್ಲಿ ಮಹಾರಾಜರ ಕಾಲದ ಹಳೆಯ ಬೇಟೆ ಬಂಗಲೆಯ ಜಾಗದಲ್ಲೇ ಅದರ ವಸತಿಗೃಹ ಇದೆ. ಬಂದೂಕು ಹೋಗಿ ಕ್ಯಾಮೆರಾ ಬಂದಿದೆ. ಆದರೆ ಪಾಠ ಅದೇ: ಜೀಪುಗಳ ಸಂಖ್ಯೆಗೆ ಮಿತಿ, ಹುಲಿ ನೋಡಬೇಕೆನ್ನುವವರ ಸಾಲು ಉದ್ದ, ಆದ್ದರಿಂದ ಗೇಣಿ. ಅದೇ ನಾಲ್ಕು ಪ್ರಶ್ನೆಗಳನ್ನು ಸಫಾರಿ ಟಿಕೆಟ್‌ಗೂ ಕೇಳಬೇಕು.

ಇದು ಬರೀ ಲೆಕ್ಕದ ಮಾತಲ್ಲ. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಪ್ರಾಣ ಕಳೆದುಕೊಂಡರು. ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹಳ್ಳಿಗಳ ಕಡೆಯ ಕೆಲಸಕ್ಕೆ ಹಾಕಿತು. ಪ್ರವಾಸಿಗೆ ಹುಲಿ ಕಂಡರೆ ಟಿಕೆಟ್ ದುಡ್ಡು ವಸೂಲಾಯಿತು ಎನಿಸುತ್ತದೆ. ಹತ್ತಿ ಬಿಡಿಸಲು, ದನ ಮೇಯಿಸಲು ಹೋದ ರೈತನಿಗೆ ಅದೇ ಹುಲಿ ಕಂಡರೆ ಮನೆಯವರು ಕಾಯುತ್ತಾ ಕೂರಬೇಕು. ಒಂದೇ ಪ್ರಾಣಿ, ಎರಡು ಖಾತೆ. ಒಂದರಲ್ಲಿ ಜಮೆ, ಇನ್ನೊಂದರಲ್ಲಿ ಖರ್ಚು. ಜಮೆಯ ಖಾತೆಯಿಂದ ಖರ್ಚಿನ ಖಾತೆಗೆ ಎಷ್ಟು ವರ್ಗಾವಣೆಯಾಗಬೇಕು ಎಂಬುದೇ ನಮ್ಮ ರಾಜ್ಯದ ಮಟ್ಟಿಗೆ ನ್ಯಾಯವಾದ ಬೆಲೆಯ ಪ್ರಶ್ನೆ. ಬೇಲಿ, ಕಂದಕ, ರಾತ್ರಿ ಕಾವಲಿನ ಕೂಲಿ, ತಡವಿಲ್ಲದ ಪರಿಹಾರ, ಊರಿನ ಹುಡುಗರಿಗೆ ಗೈಡ್ ಕೆಲಸ ಇವೆಲ್ಲ ಆ ವರ್ಗಾವಣೆಯ ದಾರಿಗಳು. ಇವು ದಾನವಲ್ಲ, ಬಾಕಿ.

ಸ್ನೇಹಿತರಿಗೆ ಅಭ್ಯಾಸ

1. ಮೇಲಿನ ಕಾಲ್ಪನಿಕ ಕಂಪನಿಗೆ 8 ಪರವಾನಗಿ ಮಾತ್ರ ಸಿಕ್ಕರೆ ಶೇ. 10 ಲಾಭ ಸೇರಿದ ಬೆಲೆ ಎಷ್ಟು? (ಉತ್ತರ: 9.35 ಲಕ್ಷ ರೂಪಾಯಿ. ಹೇಗೆಂದು ಮಾಡಿ ನೋಡಿ.)
2. ಮುಂದಿನ ಬಾರಿ ಶಿವಮೊಗ್ಗದ ತ್ಯಾವರೆಕೊಪ್ಪಕ್ಕೆ ಹುಲಿ, ಸಿಂಹ ನೋಡಲು ಹೋದಾಗ ಟಿಕೆಟ್ ಇಟ್ಟುಕೊಳ್ಳಿ. ಅಲ್ಲಿ ಪ್ರಾಣಿಗಳು ಆವರಣದೊಳಗೆ ಇರುತ್ತವೆ. ಕಬಿನಿಯ ಸಫಾರಿಗಿಂತ ಅಲ್ಲಿನ ಟಿಕೆಟ್‌ನಲ್ಲಿ ಯಾವ ವೆಚ್ಚ ಇರುವುದಿಲ್ಲ? ಬೇರೆ ಯಾವ ವೆಚ್ಚ ಇರುತ್ತದೆ?
3. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಹೊಲ ಇದ್ದರೆ, ಹಂದಿ, ಜಿಂಕೆ, ನವಿಲು ಕಾಯಲು ಕಳೆದ ವರ್ಷ ಎಷ್ಟು ರಾತ್ರಿ, ಎಷ್ಟು ಹಗಲು ಹೋಯಿತು ಎಂದು ಕೇಳಿ ಬರೆದುಕೊಳ್ಳಿ. ಹತ್ತು ಮನೆಯ ಲೆಕ್ಕ ಸೇರಿದರೆ ಮುಂದಿನ ಸಂಚಿಕೆಗೆ ಒಂದು ಪಟ್ಟಿ ಮಾಡಬಹುದು. ನಮ್ಮ ಮಾಮುವಿನ 40 ರಾತ್ರಿ ಮೊದಲ ಸಾಲಿನಲ್ಲಿ ಇದೆ. ಉಳಿದ ಒಂಬತ್ತು ಸಾಲು ನೀವು ತುಂಬಿಸಿ, ವಾಣಿಜ್ಯ ವಿಭಾಗದ ತರಗತಿಯಲ್ಲಿ ನನಗೆ ಕೊಡಿ.